ಇಪ್ಪತ್ತೈದರ ಸಂಚಿಕೆಗೆ ಸಂಪಾದಕಿಯ ಲೇಖನ

ಜೋರ್ಡಾನಿನ ಅಮ್ಮಾನ್ ನಗರದ ಆಪ್ತಸಮಾಲೋಚಕರ ವಿದ್ವತ್ಪತ್ರಿಕೆಗೆ ಇಪ್ಪತ್ತೈದು ವರ್ಷ ತುಂಬಿತ್ತು. ಅದನ್ನು ಹುಟ್ಟುಹಾಕಿದ ಸುಹೈಲಾ ಹದ್ದಾದೀನ್ ವಿಶೇಷ ಸಂಚಿಕೆಗೆ ಅದರ ಕಥೆ ಬರೆದಿದ್ದರು. ಯಾರ ಮುಲಾಜೂ ಬೇಡವೆಂದು ಅವರೇ ಮಾಡಿದ್ದ ಕಟ್ಟಳೆಯಂತೆ, ಬರೆದವರ ಹೆಸರು ಅಳಿಸಿ ಲೇಖನವನ್ನು ಪರಿಶೀಲಕರಿಗೆ ಕಳಿಸಲಾಗಿತ್ತು.

ಬಂದ ಅಭಿಪ್ರಾಯವನ್ನು ಸಹಾಯಕಿ ಅರ್ವಾ ಓದಿದಳು: "ಪತ್ರಿಕೆ ಅಡುಗೆಮನೆಯ ಮೇಜಿನ ಮೇಲೆ ಹುಟ್ಟಿತೆಂಬುದಕ್ಕೆ ಆಧಾರವಿಲ್ಲ. ಲೇಖಕರು ಮೊದಲು ಸುಹೈಲಾ ಹದ್ದಾದೀನರ ಬರಹಗಳನ್ನು ಓದಲಿ."

ಸುಹೈಲಾ ಏಲಕ್ಕಿ ಕಾಫಿಯ ಕಪ್ಪನ್ನು ಕುಕ್ಕಿ ಇಟ್ಟರು. "ಆ ಮೇಜು ದಿನಾ ಒರೆಸ್ತಿದ್ದವಳು ನಾನು ಕಣೇ. ಯಾವನವನು ತಲೆಕೆಟ್ಟವನು?"

"ಹೆಸರು ಹೇಳೋ ಹಾಗಿಲ್ಲ ಮೇಡಂ. ನಿಮ್ಮದೇ ರೂಲು."

"ರೂಲು ಹಾಳಾಗಿ ಹೋಗ್ಲಿ. ಲೇಖನ ಇದ್ದ ಹಾಗೇ ಹಾಕು."

"ಕೊನೇ ಸಾಲು ಓದ್ಲಾ?" ಅರ್ವಾ ತಲೆಯೆತ್ತದೆ ಓದಿದಳು. "ಬರಹದ ತುಂಬ ಸಿಟ್ಟಿದೆ. ಲೇಖಕರು ಒಬ್ಬ ಆಪ್ತಸಮಾಲೋಚಕರನ್ನು ಕಾಣುವುದು ಒಳ್ಳೆಯದು."