ದಿನಕ್ಕೊಂದೇ ಗಂಟೆಯ ಟಿವಿ

ಈಗಿನ ಟಿವಿಗಳಿಗೆ ಬಾಗಿಲಿಲ್ಲ. ನನಗಿತ್ತು. ಎಡಕ್ಕೂ ಬಲಕ್ಕೂ ಸರಿಯುವ ಮರದ ಬಾಗಿಲು, ನಾಲ್ಕು ಕಾಲು, ಒಳಗೆ ಕಪ್ಪು ಬಿಳುಪು ಚಿತ್ರ. ಕಾರ್ಖಾನೆಯಲ್ಲಿ ನನ್ನನ್ನು ಜೋಡಿಸಿದ ಹೆಂಗಸು ಕೊನೆಯ ಸ್ಕ್ರೂ ಬಿಗಿದು ಬೆನ್ನು ತಟ್ಟಿದ್ದಳು. ಒಳ್ಳೆಯ ಮನೆ ಸೇರು ಎಂದು ಹರಸಿದಳೆಂದೇ ನಾನು ತಿಳಿದಿದ್ದೇನೆ. ಪೆಟ್ಟಿಗೆ ಅಲ್ಲಾಡುತ್ತದೋ ಎಂದು ನೋಡಿದ್ದೂ ಇರಬಹುದು.

ಸೇರಿದ್ದು ಅರಸೀಕೆರೆಯ ರೈಲ್ವೆ ಕ್ವಾರ್ಟರ್ಸ್‌ಗೆ. ಯಜಮಾನರು ನಂಜುಂಡಸ್ವಾಮಿ, ಸ್ಟೇಷನ್ನಿನಲ್ಲಿ ಗುಮಾಸ್ತರು. ಮಗಳು ಸುಕನ್ಯ, ಎಂಟನೇ ಕ್ಲಾಸು. ನಾನು ಬಂದ ದಿನವೇ ಯಜಮಾನರು ಕಾನೂನು ಮಾಡಿದರು: ಸಂಜೆ ಏಳರಿಂದ ಎಂಟರವರೆಗೆ ಮಾತ್ರ. ಎಂಟಾದರೆ ಹಾಡು ಅರ್ಧದಲ್ಲಿದ್ದರೂ ಬಾಗಿಲು ಬಂದ್. ಮೊದಮೊದಲು ಅವಮಾನವಾಯಿತು. ಆಮೇಲೆ ಬಾಗಿಲ ಹಿಂದೆ ಕುಳಿತು ಮನೆಯ ಸದ್ದು ಕೇಳುವುದೇ ಹಿತವೆನಿಸಿತು. ಸುಕನ್ಯ ಸೀಮೆಸುಣ್ಣದಲ್ಲಿ ಚೌಕಾಬಾರದ ಮನೆ ಬರೆಯುವಳು. ಅಪ್ಪ ಕವಡೆ ಬಿಡುವಾಗ ಮೋಸ ಮಾಡುವರು, ಮಗಳು ಹಿಡಿಯುವಳು, ಇಬ್ಬರೂ ನಗುವರು. ಆ ನಗುವಿನ ಮುಂದೆ ನನ್ನ ಯಾವ ಕಾರ್ಯಕ್ರಮವೂ ಸಾಟಿಯಲ್ಲ.

ಕಾನೂನು ಕಾಯಲು ಯಜಮಾನರದ್ದೊಂದು ಪದ್ಧತಿ ಇತ್ತು. ಡ್ಯೂಟಿ ಮುಗಿಸಿ ಬಂದವರೇ ನನ್ನ ತಲೆಯ ಮೇಲೆ ಅಂಗೈ ಇಡುವರು. ತಣ್ಣಗಿದ್ದರೆ ಸರಿ. ಬೆಚ್ಚಗಿದ್ದರೆ ಯಾರೋ ಕದ್ದು ನೋಡಿದ್ದಾರೆಂದು ಅರ್ಥ. ಮಕ್ಕಳ ಜ್ವರ ನೋಡುವಂಥ ಆ ಸ್ಪರ್ಶ ನನಗೆ ಬಹಳ ಇಷ್ಟವಾಗಿತ್ತು.

ಆ ಏಪ್ರಿಲ್‌ನಲ್ಲಿ ಗೋಡೆಗೆ ಸುಣ್ಣ ಹೊಡೆಯಲೆಂದು ನನ್ನನ್ನು ಪಶ್ಚಿಮದ ಕಿಟಕಿಯ ಬಳಿಗೆ ಸರಿಸಿದರು, ಮತ್ತೆ ಮೊದಲಿನ ಜಾಗಕ್ಕೆ ತರಲಿಲ್ಲ. ಒಂದು ದಿನ ಯಜಮಾನರು ಎಂದಿಗಿಂತ ಬೇಗ, ಐದಕ್ಕೇ ಬಂದರು. ಅಂಗೈ ಇಟ್ಟರು. ಮುಖ ಗಂಟಾಯಿತು.

"ಟಿವಿ ಹಾಕಿದ್ದು ಯಾರು?"

"ಯಾರೂ ಇಲ್ಲಪ್ಪ. ನಾನು ಹೋಂವರ್ಕ್ ಮಾಡ್ತಾ ಕೂತಿದ್ದೆ," ಎಂದಳು ಸುಕನ್ಯ.

"ಮುಟ್ಟಿ ನೋಡು, ಸುಡ್ತಾ ಇದೆ. ನೋಡಿದ್ರೆ ನೋಡ್ದೆ ಅನ್ನು. ಸುಳ್ಳು ಹೇಳ್ಬೇಡ."

"ದೇವ್ರಾಣೆ ನೋಡಿಲ್ಲಪ್ಪ."

ನಾನು ಕಾದದ್ದು ಬಿಸಿಲಿಗೆ. ಅದು ಗೊತ್ತಿದ್ದವನು ನಾನೊಬ್ಬನೇ. ಲೋಕದ ಸುದ್ದಿಯನ್ನೆಲ್ಲ ಒದರುವ ನನಗೆ ಈ ಒಂದು ಮಾತು ಆಡಲಾಗಲಿಲ್ಲ. ಆ ಸಂಕಟ ಇಂದಿಗೂ ಹೋಗಿಲ್ಲ.

ಯಜಮಾನರು ಹೊಡೆಯಲಿಲ್ಲ, ಮಾತು ಬಿಟ್ಟರು. ಮರುದಿನದಿಂದ ಅವರು ಬರುವುದು ಮತ್ತೆ ಕತ್ತಲಾದ ಮೇಲೆ. ಅಷ್ಟರಲ್ಲಿ ನಾನು ತಣ್ಣಗಾಗಿರುತ್ತಿದ್ದೆ. ಬೈದದ್ದಕ್ಕೆ ದಾರಿಗೆ ಬಂದಳು ಎಂದುಕೊಂಡರೇನೋ. ಚೌಕಾಬಾರ ನಿಂತಿತು. ಏಳಕ್ಕೆ ಬಾಗಿಲು ತೆರೆದರೂ ಸುಕನ್ಯ ನನ್ನ ಕಡೆ ತಿರುಗಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಟಿವಿಯಲ್ಲ, ಅಪ್ಪ ತನ್ನ ಮಾತು ನಂಬುವುದು.

ಮೂರು ವಾರದ ಮೇಲೆ ಒಂದು ಭಾನುವಾರ ಎಲ್ಲರೂ ತಿಪಟೂರಿಗೆ ನಾಮಕರಣಕ್ಕೆ ಹೋದರು. ಐದು ಗಂಟೆಗೆ ಬಂದು ಬೀಗ ತೆಗೆದರು. ಅಭ್ಯಾಸದಂತೆ ಅಂಗೈ ಇಟ್ಟ ಯಜಮಾನರು ಹಾಗೇ ನಿಂತುಬಿಟ್ಟರು. ನನ್ನನ್ನು ನೋಡಿದರು, ಕಿಟಕಿ ನೋಡಿದರು, ಕೈಯಲ್ಲಿದ್ದ ಬೀಗ ನೋಡಿದರು.

"ಸುಕನ್ಯ, ಅವತ್ತು ನೀನು ಟಿವಿ ನೋಡಿರ್ಲಿಲ್ಲ, ಅಲ್ವಾಮ್ಮ?"

"ಅವತ್ತೇ ಹೇಳಿದ್ನಲ್ಲಪ್ಪ."

"ಹೇಳಿದ್ದೆ. ನಾನೇ ನಂಬ್ಲಿಲ್ಲ. ತಪ್ಪಾಯ್ತು ಕಣಮ್ಮ."

ಅಂದಿನಿಂದ ಅವರು ನನ್ನ ತಲೆ ಮುಟ್ಟಲಿಲ್ಲ. ಕಾನೂನು ಮಾತ್ರ ಹಾಗೇ ಇತ್ತು. ಅವರು ಕೇಳುವರು, ಅವಳು ಹೇಳುವಳು, ಅಷ್ಟೇ. ಆ ಕೈ ತಪ್ಪಿಹೋದದ್ದಕ್ಕೆ ನನಗೆ ಬೇಸರವಾಯಿತು, ಆದರೂ ಹೊಟ್ಟೆ ತಣ್ಣಗಾಯಿತು.

ಬಣ್ಣದ ಟಿವಿ ಬಂದಾಗ ನಾನು ಕ್ಷೌರದಂಗಡಿ ಸೇರಿ ಒಂದಷ್ಟು ವರ್ಷ ಕ್ರಿಕೆಟ್ ತೋರಿಸಿದೆ. ಚಿತ್ರ ನಿಂತಮೇಲೆ ಗುಜರಿಗೆ ಹೊರಟಿದ್ದೆ. ಸುದ್ದಿ ತಿಳಿದ ಸುಕನ್ಯ ಬಂದು ನನ್ನನ್ನು ಕೇಳಿ ಪಡೆದಳು. ಈಗ ಹಾಸನದಲ್ಲಿ ಅವಳ ಮನೆಯ ಮೂಲೆಯಲ್ಲಿದ್ದೇನೆ. ಮೈಮೇಲೆ ಹಳೆಯ ಪೇಪರುಗಳ ರಾಶಿ. ಹತ್ತು ವರ್ಷದ ಮಗ ಪ್ರಣೀತನಿಗೆ ಅವಳದ್ದೂ ಒಂದು ಕಾನೂನು ಇದೆ: ದಿನಕ್ಕೆ ಅರ್ಧ ಗಂಟೆ ಫೋನು.

ಮೊನ್ನೆ ಸಂಜೆ ಅವನು ಫೋನ್ ತಂದುಕೊಟ್ಟ.

"ಎಷ್ಟೊತ್ತು ನೋಡ್ದೆ?"

"ಅರ್ಧ ಗಂಟೆ."

"ಸರಿ," ಎಂದು ಸುಕನ್ಯ ಸೊಪ್ಪು ಬಿಡಿಸುವುದನ್ನು ಮುಂದುವರಿಸಿದಳು. ಹುಡುಗ ಹೊಸಿಲ ತನಕ ಹೋದ, ನಿಂತ, ಉಗುರು ಕಚ್ಚಿದ, ವಾಪಸು ಬಂದ.

"ಅಮ್ಮಾ, ಅರ್ಧ ಗಂಟೆ ಅಲ್ಲ. ಒಂದು ಗಂಟೆ ಆಗೋಯ್ತು."

"ಹಂಗಾದ್ರೆ ನಾಳೆ ಫೋನಿಲ್ಲ," ಎಂದು ಅವಳು ಪಕ್ಕಕ್ಕೆ ಸರಿದು ಜಾಗ ಕೊಟ್ಟಳು. ಅವನು ತಲೆಯಾಡಿಸಿ, ಅವಳಿಗೇ ಒರಗಿಕೊಂಡು ಸೊಪ್ಪಿಗೆ ಕೈ ಹಾಕಿದ.

ಇಷ್ಟು ವರ್ಷ ಜನ ನನ್ನನ್ನು ನೋಡುತ್ತ ಕುಳಿತರು. ನೋಡುವಂಥದ್ದು ಯಾವಾಗಲೂ ಅವರ ಕಡೆಯೇ ಇತ್ತು.