ಕುಂಬಳಕಾಯಿಗೆ ಹದವಾದ ನೀರು

ಟವೆಲನ್ನು ಹೆಗಲ ಮೇಲೆ ಹಾಕಿಕೊಂಡು ಬಚ್ಚಲಮನೆಗೆ ಬಂದ ಎಲ್ವಾ ಬಾಗಿಲಲ್ಲೇ ನಿಂತಳು. ಟಬ್ಬು ಅಂಚಿನವರೆಗೂ ತುಂಬಿತ್ತು. ಪಕ್ಕದಲ್ಲಿ ಅವಳ ಗಂಡ ಲಾರ್ನ್ ಮಂಡಿಯೂರಿ ಕೂತು, ಹಾಲಿಗೆ ಹಾಕುವ ಥರ್ಮಾಮೀಟರನ್ನು ನೀರಿಗೆ ಇಳಿಬಿಟ್ಟು ನೋಡುತ್ತಿದ್ದ.

"ನನಗಾ ಇದು?"

"ಕೈ ಹಾಕ್ಬೇಡ, ಸೋಪು ಸೇರ್ಕೊಳ್ಳುತ್ತೆ. ಅವಳಿಗೆ."

ಅವಳು ಅಂದರೆ ಹಿತ್ತಲಿನ ಕುಂಬಳಕಾಯಿ. ಮರಳಿನ ಹಾಸಿಗೆಯ ಮೇಲೆ, ಎಲ್ವಾಳ ತವರಿನಿಂದ ಬಂದ ಹೊದಿಕೆ ಹೊದ್ದು ಮಲಗಿದ್ದಳು. ಆಗಸ್ಟ್ ಬಂತೆಂದರೆ ಅನಾಪೊಲಿಸ್ ಕಣಿವೆಯ ನಮ್ಮ ಗಂಡಸರು ಒಬ್ಬರನ್ನೊಬ್ಬರು ಕಂಡಾಗ ಹೆಂಡತಿ ಮಕ್ಕಳು ಹೇಗಿದ್ದಾರೆಂದು ಕೇಳುವುದಿಲ್ಲ, ಕಾಯಿಯ ಸುತ್ತಳತೆ ಕೇಳುತ್ತಾರೆ. ಯಾರ ಕಾಯಿ ಹೆಚ್ಚು ಭಾರವೆಂದು ತೂಗಿ ನೋಡುವ ಅಕ್ಟೋಬರಿನ ಸ್ಪರ್ಧೆ ಮುಗಿಯುವವರೆಗೂ ಅವರಿಂದ ಬೇರೆ ಮಾತು ನಿರೀಕ್ಷಿಸುವುದು ತಪ್ಪು.

ಈ ವರ್ಷ ಲಾರ್ನನ ತಲೆ ಕೆಡಿಸಿದ್ದು ನೀರು. ಹಿತ್ತಲ ಬಾವಿಯ ನೀರು ಮಂಜುಗಡ್ಡೆಯಷ್ಟು ತಣ್ಣಗೆ. ಬೇರಿಗೆ ಸೋಕಿದರೆ ಬಳ್ಳಿ ಬೆಳೆಯುವುದನ್ನೇ ಮರೆಯುತ್ತದೆ. ಮಳೆ ನೀರಿಗಿಂತ ಒಳ್ಳೆಯದಿಲ್ಲ, ಆದರೆ ಮಳೆಯೇ ಬಾರದೆ ಪೀಪಾಯಿಗಳಲ್ಲಿ ಈಗ ಇದ್ದದ್ದು ಜೇಡಗಳು. ನಲ್ಲಿ ನೀರಿನಲ್ಲಿ ಕ್ಲೋರಿನ್. ತೆರೆದಿಟ್ಟು ಎರಡು ದಿನ ಬಿಟ್ಟರೆ ಆ ವಾಸನೆ ಹೋಗುತ್ತದೆ, ನೀರೂ ಹದಕ್ಕೆ ಬರುತ್ತದೆ. ಆದರೆ ತೋಟಕ್ಕೆ ಪೈಪು ಹಿಡಿಯಬಾರದೆಂದು ಪುರಸಭೆ ಹೇಳಿಬಿಟ್ಟಿತ್ತು. ಇನ್ನು ಟಬ್ಬಿನ ನೀರು ಅವಳಿಗೆ ಒಂದು ಗುಟುಕು.

ಉಳಿದದ್ದು ಸ್ಟರ್ಲಿಂಗನ ಕೆರೆ. ಬಿಸಿಲಿಗೆ ಕಾದ ಹಸಿರು ನೀರು, ಮೇಲೆ ಬಾತುಕೋಳಿಗಳ ಗೊಬ್ಬರ ಬೇರೆ. ಹೋದ ವರ್ಷ ತೂಕದಲ್ಲಿ ಲಾರ್ನನನ್ನು ಸೋಲಿಸಿದವನು ಈ ಸ್ಟರ್ಲಿಂಗನೇ. "ಎಷ್ಟು ಬೇಕಾದ್ರೂ ತಗೊಂಡ್ಹೋಗೋ," ಎಂದು ತಾನಾಗಿ ಕರೆದಿದ್ದ. ಹಲ್ಲು ಕಿರಿಯುತ್ತಾ ಕರೆದಿದ್ದ, ಅದೇ ತೊಂದರೆ. ಅವನ ನೀರು ಕುಡಿಸಿ ಗೆದ್ದರೆ, ಗೆದ್ದವನು ಸ್ಟರ್ಲಿಂಗ್ ಎಂದು ಇಡೀ ಕಣಿವೆ ಆಡಿಕೊಳ್ಳುತ್ತಿತ್ತು.

ಆ ಭಾನುವಾರ ಲಾರ್ನ್ ಎಂದಿನಂತೆ ಬೇಲಿಯಾಚೆಯ ಬ್ಯಾಪ್ಟಿಸ್ಟ್ ಚರ್ಚಿನ ಹೊರಗೆ ಹೆಂಡತಿಗಾಗಿ ಕಾಯುತ್ತಿದ್ದ. ಒಳಗೆ ಹೋಗುವ ಪೈಕಿ ಅವನಲ್ಲ. ಆಗ ತೊಟ್ಟಿ ನೆನಪಾಯಿತು. ನಮ್ಮ ಬ್ಯಾಪ್ಟಿಸ್ಟರು ಮಕ್ಕಳಿಗೆ ದೀಕ್ಷಾಸ್ನಾನ ಕೊಡುವುದಿಲ್ಲ. ಬೆಳೆದವರು ತಾವಾಗಿ ಮುಂದೆ ಬಂದು ನಂಬಿಕೆ ಹೇಳಿಕೊಂಡ ಮೇಲೆ ಪೂರ್ತಿ ಮುಳುಗಿಸಿ ಎತ್ತುತ್ತಾರೆ. ಅದಕ್ಕೆಂದೇ ವೇದಿಕೆಯ ಹಿಂದೆ ಎದೆಮಟ್ಟದ ತೊಟ್ಟಿ. ಎರಡು ಮೂರು ದಿನ ಮುಂಚೆಯೇ ತುಂಬಿಸಿ ಹೀಟರಿನಿಂದ ಬೆಚ್ಚಗಿಡುತ್ತಾರೆ, ಆಮೇಲೆ ಅಷ್ಟನ್ನೂ ಚರಂಡಿಗೆ ಬಿಡುತ್ತಾರೆ. ಆ ಚರಂಡಿ ನೆನೆದು ಲಾರ್ನನ ಹೊಟ್ಟೆ ಉರಿಯಿತು.

"ಆ ತೊಟ್ಟೀನ ಯಾವಾಗ ತುಂಬಿಸ್ತೀರಿ ಪಾಸ್ಟರ್?" ಎಂದು ಮೆಟ್ಟಿಲ ಮೇಲೆ ನಿಂತಿದ್ದ ಬೆಂಟ್ಲಿಯನ್ನು ಕೇಳಿದ. ಬೆಂಟ್ಲಿ ಹೊಸಬ, ಇನ್ನೂ ಮೀಸೆ ಸರಿಯಾಗಿ ಬಾರದ ಪಾದ್ರಿ.

"ದೀಕ್ಷಾಸ್ನಾನಕ್ಕೆ ಯಾರಾದ್ರೂ ಬಂದ್ರೆ ತಾನೆ? ಈ ವರ್ಷ ಒಬ್ರೂ ಇಲ್ಲ."

ಲಾರ್ನ್ ಕತ್ತು ಕೆರೆದುಕೊಂಡ. "ಹಾಗಾದ್ರೆ ನಾನೇ ಬರ್ತೀನಿ."

ಬೆಂಟ್ಲಿ ಅವನ ಎರಡೂ ಕೈ ಹಿಡಿದುಕೊಂಡ. ಕಣ್ಣು ತುಂಬಿ ಬಂದಿತ್ತು.

"ನೀರಿಗೆ ಬ್ಲೀಚು ಗೀಚು ಹಾಕಲ್ಲ ತಾನೇ?" ಎಂದ ಲಾರ್ನ್. "ಬಿಸೀನೂ ಜಾಸ್ತಿ ಬೇಡಿ. ಉಗುರು ಬೆಚ್ಚಗಿದ್ರೆ ಸಾಕು."

ವಯಸ್ಸಾದವರ ಚರ್ಮ ಸೂಕ್ಷ್ಮ ಎಂದುಕೊಂಡ ಪಾದ್ರಿ ಎಲ್ಲದಕ್ಕೂ ತಲೆಯಾಡಿಸಿದ.

ಮದುವೆಯಾದ ನಲವತ್ತು ವರ್ಷಗಳಲ್ಲಿ ಎಲ್ವಾ ಗಂಡನಿಂದ ಬೇಡಿದ್ದು ಈ ದೀಕ್ಷಾಸ್ನಾನವೊಂದನ್ನೇ. ಬೇಡಿ ಬೇಡಿ ಸಾಕಾಗಿ ಬಿಟ್ಟಿದ್ದಳು. ಸುದ್ದಿ ತಿಳಿದ ಸಂಜೆ ಅವನಿಗಿಷ್ಟವಾದ ಬ್ಲೂಬೆರಿ ಕಡುಬು ಮಾಡಿ ಕೆನೆ ಸುರಿದು ಬಡಿಸಿದಳು. ಪಕ್ಕದೂರಿನ ತಂಗಿಗೆ ಫೋನ್ ಮಾಡಿ ಭಾನುವಾರ ಬರಲೇಬೇಕೆಂದಳು. ಫೋನಿನಲ್ಲಿ ಅವಳ ದನಿ ನಡುಗಿದ್ದು ಲಾರ್ನನಿಗೆ ಕೇಳಿಸಿತು. ನಿಜ ಹೇಳಿದರೆ ನೀರು ಹೋಗುತ್ತದೆ, ಹೇಳದಿದ್ದರೆ ಇವಳ ಮುಖ ನೋಡುವುದು ಹೇಗೆ? ಎರಡನೇ ಬಟ್ಟಲು ಹಾಕಿಸಿಕೊಂಡ.

ಶನಿವಾರ ಅವನು ತೊಟ್ಟಿಯ ಬಳಿ ಪಂಪು ಇಟ್ಟು, ಚರ್ಚಿನ ಹಿಂದಿನ ಕಿಟಕಿಯಿಂದ ಬೇಲಿ ನುಸುಳಿಸಿ ಕುಂಬಳದ ಬುಡಕ್ಕೆ ಪೈಪು ಎಳೆಯುತ್ತಿದ್ದಾಗ ಎಲ್ವಾ ಅವನ ಬಿಳಿ ಅಂಗಿ ಒಣಹಾಕಲು ಬಂದಳು. ಪೈಪು ನೋಡಿದಳು. ಅವನ ಜೇಬಿನಿಂದ ಇಣುಕುತ್ತಿದ್ದ ಥರ್ಮಾಮೀಟರ್ ನೋಡಿದಳು.

"ಹೇಗೂ ಚರಂಡಿಗೆ ಹೋಗೋ ನೀರಲ್ವೇನೇ..." ಎಂದು ಲಾರ್ನ್ ಶುರುಮಾಡಿದ.

"ನಲವತ್ತು ವರ್ಷ ನೀನು ಬೇಡ ಅಂದೆ, ನಾನು ತಡ್ಕೊಂಡೆ," ಎಂದಳು ಎಲ್ವಾ. "ನಾಳೆ ಆ ನೀರಲ್ಲಿ ನಿಂತು ಸುಳ್ಳು ಹೇಳಿದ್ರೆ ಮಾತ್ರ ತಡ್ಕೊಳಲ್ಲ." ಅಂಗಿಯನ್ನು ಹಿಂಡಿದ ರೀತಿ ನೋಡಿದರೆ ಅದು ಅಂಗಿಯ ಮೇಲಿನ ಸಿಟ್ಟಾಗಿರಲಿಲ್ಲ.

ಭಾನುವಾರ ಬಿಳಿ ನಿಲುವಂಗಿ ತೊಟ್ಟು ತೊಟ್ಟಿಗೆ ಇಳಿದ ಲಾರ್ನನಿಗೆ ಮೊದಲು ಹೊಳೆದದ್ದು, ಆಹಾ, ಎಂಥ ಹದ! ಎರಡನೆಯ ಬೆಂಚಿನಲ್ಲಿ ಎಲ್ವಾ ತಂಗಿಯ ಜೊತೆ ಕೂತಿದ್ದಳು. ತಂಗಿ ಕರ್ಚೀಫು ಹಿಡಿದು ಅಳಲು ತಯಾರಾಗಿದ್ದಳು. ಎಲ್ವಾ ತನ್ನ ಬೂಟು ನೋಡುತ್ತಿದ್ದಳು.

"ಪೂರ್ಣ ಮನಸ್ಸಿನಿಂದ ನಂಬುತ್ತೀರಾ, ಲಾರ್ನ್?" ಬೆಂಟ್ಲಿ ಕೇಳಿದ.

ಹೂಂ ಎಂದರೆ ಮುಗಿದಿತ್ತು. ಲಾರ್ನ್ ಎಲ್ವಾಳ ಕಡೆ ನೋಡಿದ.

"ಪಾಸ್ಟರ್, ನಂಗೆ ಬೇಕಾಗಿರೋದು ಈ ನೀರು. ನನ್ನ ಕುಂಬಳಕಾಯಿಗೆ."

ಹಿಂದಿನ ಸಾಲಿನಿಂದ ಸ್ಟರ್ಲಿಂಗ್ ಎದ್ದು ನಿಂತ. "ಅಯ್ಯೋ ಮುಠ್ಠಾಳ, ನನ್ನ ಕೆರೆ ಇತ್ತಲ್ಲೋ!"

"ನಿನ್ನ ಕೆರೆ ನೀರಲ್ಲಿ ಗೆಲ್ಲೋದಕ್ಕಿಂತ ಇಲ್ಲಿ ಮುಳುಗೋದೇ ವಾಸಿ ಕಣೋ!"

ಮೊದಲು ನಕ್ಕವರು ಚರ್ಚಿನ ಹಾಡಿನ ಮೇಳದ ಹೆಂಗಸರು, ಆಮೇಲೆ ಎಲ್ಲರೂ. ಬೆಂಟ್ಲಿ ಕಿವಿಯವರೆಗೂ ಕೆಂಪಾಗಿದ್ದ. "ಹಾಗಾದ್ರೆ ಇವತ್ತು ಆಗಲ್ಲ, ಲಾರ್ನ್," ಎಂದು ಮೆಲ್ಲಗೆ ಹೇಳಿದ. "ಗೊತ್ತು," ಎಂದು ಲಾರ್ನ್ ನೀರು ಸುರಿಸುತ್ತಾ ಮೆಟ್ಟಿಲು ಹತ್ತಿದ. ಆ ನಗುವಿನಲ್ಲಿ ಎಲ್ವಾ ಇರಲಿಲ್ಲ. ಅವಳು ಎದ್ದು ನಡೆದುಬಿಟ್ಟಿದ್ದಳು.

ಅವನು ಒದ್ದೆ ನಿಲುವಂಗಿಯಲ್ಲೇ ಹಿತ್ತಲಿಗೆ ಬಂದ, ಅಭ್ಯಾಸಬಲದಿಂದ ಗೂಟದ ಮೇಲಿದ್ದ ಟೋಪಿ ತೆಗೆದು ತಲೆಗಿಟ್ಟುಕೊಂಡ. ಬಳ್ಳಿಯ ಎಲೆಗಳು ಬಾಡಿ ಜೋತುಬಿದ್ದಿದ್ದವು. ನೀರೂ ಹೋಯಿತು, ಮನೆಯವಳೂ ಹೋದಳು. ಪೈಪು ಮುಟ್ಟುವ ಮುಖ ಅವನಿಗಿರಲಿಲ್ಲ.

ಅಷ್ಟರಲ್ಲಿ ಪೈಪು ತಾನಾಗಿ ಕೊಸರಾಡಿತು, ಉಸ್ಸೆಂದಿತು, ನೀರು ಕಾರಿತು. ಬೇಲಿಯ ಸಂದಿಯಿಂದ ಎಲ್ವಾ ಭಾನುವಾರದ ಉಡುಪಿನಲ್ಲೇ ನುಸುಳಿ ಬಂದಳು.

"ಪಾಸ್ಟರನ್ನ ಕೇಳಿದೆ. ತಗೊಳ್ಳಿ ಅಂದ್ರು. ಪಂಪು ಹಾಕಿ ಬಂದೆ."

"ಎಲ್ವಾ, ನಾನು..."

"ಮಾತಾಡ್ಬೇಡ. ಸರಿ ಆಚೆ."

ಪೈಪು ಎತ್ತಿಕೊಂಡು ಎಲೆಗೆ ತಾಗದಂತೆ ಬುಡದ ಸುತ್ತ ನಿಧಾನವಾಗಿ ನೀರುಣಿಸಿದಳು. ಅವನು ಎಂದೂ ಹೇಳಿಕೊಟ್ಟಿರಲಿಲ್ಲ. ಇಷ್ಟು ವರ್ಷ ಅಡುಗೆಮನೆಯ ಕಿಟಕಿಯಿಂದ ನೋಡಿ ಕಲಿತಿದ್ದಳು. ಮಣ್ಣು ಕಪ್ಪಗಾಗುತ್ತಾ ಬಂತು. ಆಮೇಲೆ ಅವಳು ಪೈಪನ್ನು ಮೇಲಕ್ಕೆತ್ತಿ ಗಂಡನ ತಲೆಯ ಮೇಲೆ ಹಿಡಿದಳು.

ಉಗುರು ಬೆಚ್ಚಗಿನ ನೀರು ಟೋಪಿಯ ಅಂಚಿನಿಂದ ಮೂಗಿಗೆ, ಗಲ್ಲಕ್ಕೆ, ಎದೆಗೆ ಇಳಿಯಿತು. ಲಾರ್ನ್ ಪಕ್ಕಕ್ಕೆ ಸರಿಯಲಿಲ್ಲ. ಪ್ರಾರ್ಥನೆಗೆ ನಿಂತವನಂತೆ ಕೈಯೆತ್ತಿ ಟೋಪಿ ತೆಗೆದ.