ಬೆವರಿನ ಮೀಸೆ

ಮೂಲೆಗೆ ಮೂಲೆ ಕೂಡುತ್ತಿಲ್ಲ, ಮತ್ತೆ ಕೂಡುತ್ತಿಲ್ಲ, ಇಸ್ತ್ರಿಯ ಬಿಸಿ ರೋಲರಿನ ಬಾಯಿಂದ ಈಗಷ್ಟೇ ಹೊರಬಂದ ಬೆಡ್‌ಶೀಟಿನ ಒಂದು ತುದಿ ಕಿರಿಸೊಸೆಯ ಕೈಯಲ್ಲಿ, ಇನ್ನೊಂದು ತುದಿ ಹಿರಿಸೊಸೆಯ ಕೈಯಲ್ಲಿ, ಅಣ್ಣತಮ್ಮಂದಿರನ್ನು ಕಟ್ಟಿಕೊಂಡು ಒಂದೇ ಮನೆ ಸೇರಿದವರು ಒಂದೇ ಲಾಂಡ್ರಿಗೂ ಸೇರಿ ಎಷ್ಟೋ ವರ್ಷವಾಯಿತು, ಎಳೆ, ಒದರು, ಎದುರಿಗೆ ಬಾ, ಮೂಲೆ ಕೊಡು, ಮತ್ತೆ ಎಳೆ — ಈ ಕೈಗಳಿಗೆ ಬುದ್ಧಿ ಹೇಳಬೇಕಾಗಿಲ್ಲ, ನಿದ್ದೆಯಲ್ಲೂ ಮಡಿಸಿಯಾವು, ಆದರೆ ಅಕ್ಕ, ಹಿರಿಸೊಸೆ, ಇವತ್ತು ಎದುರಿಗೆ ತಡವಾಗಿ ಬರುತ್ತಾಳೆ, ಬಂದರೂ ಮೂಲೆಯನ್ನು ಗಾಳಿಗೆ ಕೊಡುತ್ತಾಳೆ, ಬೇಕಂತಲೇ, ಇನ್ನೇನು, ಮಾತು ಬಿಟ್ಟವರಿಗೆ ಸತಾಯಿಸಲು ಬೆಡ್‌ಶೀಟಾದರೂ ಬೇಕಲ್ಲ, ಸತಾಯಿಸಲಿ, ಹೋಟೆಲಿನವರ ಬೆಡ್‌ಶೀಟಿಗೆ ಮನೆ ಜಗಳ ಕಟ್ಟಿಕೊಂಡು ಏನಾಗಬೇಕು, ಅದಕ್ಕೆ ಬೇಕಾದದ್ದು ನಾಲ್ಕು ಕೈ. ಕಿರಿಸೊಸೆಗೆ ಸಾಕಾಗಿದೆ, ಬೆನ್ನಗುಂಟ ಇಳಿದ ಬೆವರಿಗೆ ಸೊಂಟದವರೆಗೂ ಬಟ್ಟೆ ಅಂಟಿಕೊಂಡಿದೆ, ಹುಬ್ಬು ದಾಟಿದ ಹನಿ ಕಣ್ಣಿಗಿಳಿದು ಉರಿಯುತ್ತಿದೆ, ಒರೆಸಿಕೊಳ್ಳಲು ಕೈಗೆ ಬಿಡುವಿಲ್ಲ, ಎದುರಿಗಿರುವ ಮಹಾರಾಣಿಯನ್ನು ನೋಡಿದರೆ ಮುಖ ಕೆಂಪಗೆ ಕಾದಿದೆ, ಬೆವರು ಮಾತ್ರ ಒಂದು ಹನಿಯಿಲ್ಲ, ಮೀಸೆಯೂ ಇಲ್ಲ.

ಮೀಸೆ ಎಂದರೆ ಬೆವರಿನ ಮೀಸೆ, ಅಕ್ಕನಿಗೆ ಸೆಕೆ ಶುರುವಾದರೆ ಎಲ್ಲಕ್ಕಿಂತ ಮೊದಲು ಮೇಲ್ತುಟಿಯ ಮೇಲೆ ಸಾಸಿವೆ ಕಾಳು ಜೋಡಿಸಿದ ಹಾಗೆ ಹನಿಗಳು ಮೂಡುತ್ತಿದ್ದವು, ಅಕ್ಕಾ ಮೀಸೆ ಬಂತು ನೋಡು, ಬಂದ್ರೆ ಬರ್ಲಿ ಬಿಡೇ, ನಿಮ್ಮ ಭಾವಂಗಂತೂ ನೆಟ್ಟಗೆ ಬರ್ಲಿಲ್ಲ, ನಗುನಗುತ್ತ ಬೆಡ್‌ಶೀಟು ಕೆಳಗೆ ಬಿದ್ದು ಸೂಪರ್‌ವೈಸರ್ ಬೈದದ್ದೂ ಉಂಟು — ಈಗ ನಗುವೂ ಇಲ್ಲ, ಆ ಹಾಳು ಫ್ಯಾನಿಗಾಗಿ, ಮನೆಗಿರುವುದೇ ಒಂದು ಮೇಜಿನ ಫ್ಯಾನು, ಕಿರಿಸೊಸೆಯ ಕೂಸಿನ ಮೈತುಂಬ ಬೆವರುಸಾಲೆ ಎದ್ದಿತ್ತು, ತನ್ನ ಕೋಣೆಯೊಳಗೆ ಎತ್ತಿಟ್ಟುಕೊಂಡರೆ ತಪ್ಪೇ, ನಂಗೂ ಒಳಗಿಂದ ಬೆಂಕಿ ಹಚ್ಚಿದಂಗೆ ಆಗುತ್ತೆ ಕಣೇ, ಧಗ್ ಅಂತ ಏಳುತ್ತೆ, ಆಮೇಲೆ ನಡುಗುತ್ತೆ, ನಿದ್ದೆನೇ ಇಲ್ಲ, ಎಂದಳು ಅಕ್ಕ, ವಯಸ್ಸಾದ್ಮೇಲೆ ಎಲ್ಲರಿಗೂ ಆಗೋದೇ, ನಿಂಗೊಬ್ಬಳಿಗೇನಾ, ಎಂದುಬಿಟ್ಟಳು ಕಿರಿಸೊಸೆ, ಆಡಿದ ಮಾತು ಒಡೆದ ಮುತ್ತು, ಅಂದಿನಿಂದ ಒಂದೇ ಒಲೆಯ ಮುಂದೆ ಇಬ್ಬರು ಮೂಗಿಯರು. ನೀರಿನ ಬಾಟಲಿಯೂ ಒಂದೇ, ಮನೆಯಿಂದ ತುಂಬಿಸಿ ತರುವವಳು ಯಾವಾಗಲೂ ಕಿರಿಸೊಸೆ, ಅದು ಇವಳ ಕಡೆಯ ಮೇಜಿನ ಮೇಲಿದೆ, ಬೆಳಗಿನಿಂದ ಅಕ್ಕ ಇತ್ತ ಬಂದಿಲ್ಲ, ಬಾಯಿ ಬಿಟ್ಟು ಕೇಳಲಿ, ಕೇಳಿದರೆ ಕೊಡದವರು ಯಾರು, ಕೇಳಲಿ, ಅಲ್ಲಿವರೆಗೆ ಎಳೆ, ಒದರು, ಎದುರಿಗೆ ಬಾ — ಹಿಂದೊಮ್ಮೆ ಲಾಂಡ್ರಿಗೆ ತಪಾಸಣೆಗೆ ಬಂದಿದ್ದ ಡಾಕ್ಟರಮ್ಮ ಏನೋ ಹೇಳಿದ್ದರು, ಬೆವರು ಬಂತು ಅಂತ ಬೇಜಾರು ಮಾಡ್ಕೋಬೇಡಿ, ಮೈ ತನ್ನನ್ನ ತಾನೇ ತಣ್ಣಗೆ ಮಾಡ್ಕೊಳ್ಳೋದೇ ಹಾಗೆ, ಬಿಸಿಲಲ್ಲಿ ಬೆಂಕಿ ಮುಂದೆ ಇದ್ದೂ ಬೆವರು ನಿಂತ್ರೆ ಹೆದರಿ, ಆಗ ಹಿಂದಿನ ಸಾಲಿನಲ್ಲಿ ಕೂತು ಇಬ್ಬರೂ ಡಾಕ್ಟರಮ್ಮನ ಚಪ್ಪಲಿ ನೋಡುತ್ತಿದ್ದರು, ಚೆನ್ನಾಗಿತ್ತು ಚಪ್ಪಲಿ, ನಿಂತರೆ ಹೆದರಿ ಎಂದರೆ, ಏನಂದರು, ಪೂರ್ತಿ ಕೇಳಬೇಕಿತ್ತು.

ಅತ್ತೆ ಕರೀತಿದಾರೆ ಕಣೇ, ಹೋಗಿ ಬಾಗಿಲು ತೆಗಿ. ಅಕ್ಕನೇ ಮಾತಾಡಿದ್ದು! ಸೋತಳು, ಮೊದಲು ಬಾಯಿ ಬಿಟ್ಟವಳು ಅವಳೇ, ಎದೆಯಲ್ಲಿ ಒಂದು ಹಿಡಿ ಸಕ್ಕರೆ ಚೆಲ್ಲಿದ ಹಾಗೆ ಖುಷಿಯಾಗುತ್ತದೆ, ಆದರೆ ಅತ್ತೆ — ಅತ್ತೆ ಹೋಗಿ ಎಷ್ಟು ಕಾಲವಾಯಿತು, ಮಣ್ಣು ಮಾಡಿ ಬಂದ ದಿನ ಈ ಕೈಗಳನ್ನು ಹಿಡಿದುಕೊಂಡು ಅತ್ತಿದ್ದು ಅಕ್ಕನೇ, ಅಕ್ಕಾ, ಯಾವ ಬಾಗಿಲು, ಅಕ್ಕಾ — ಬೆಡ್‌ಶೀಟಿನ ಆ ತುದಿ ಭಾರ ಕಳೆದುಕೊಂಡಿತು, ಇವಳ ಕೈಯಲ್ಲಿ ಎರಡು ಮೂಲೆ ಮಾತ್ರ, ಸಿಮೆಂಟಿನ ನೆಲದ ಮೇಲೆ ಅಕ್ಕ ಕುಸಿದು ಬಿದ್ದಿದ್ದಾಳೆ, ಹಣೆ ಮುಟ್ಟಿದರೆ ರೋಲರು ಮುಟ್ಟಿದಂತೆ, ಒಣಗಿ ಕಾದಿದೆ, ನೀರು ನೀರು ಎಂದು ಬಾಟಲಿ ಬಾಯಿಗಿಡಲು ಹೋದರೆ ಸೂಪರ್‌ವೈಸರ್ ಕೈ ತಡೆಯುತ್ತಾನೆ, ಎಚ್ಚರ ಇಲ್ಲ ಕಣಮ್ಮ, ಗಂಟಲಿಗೆ ಸಿಕ್ಕೊಳ್ಳುತ್ತೆ, ಆಂಬ್ಯುಲೆನ್ಸ್ ಹೊರಟಿದೆಯಂತೆ, ಅಲ್ಲೀವರೆಗೆ ಮೈ ತಣ್ಣಗೆ ಮಾಡಿ ಅಂತ ಫೋನಲ್ಲಿ ಅಂದ್ರು, ಯಾರೋ ತೊಳೆಯುವ ಯಂತ್ರದಿಂದ ಒದ್ದೆ ಬೆಡ್‌ಶೀಟು ಎಳೆದು ತರುತ್ತಾರೆ, ಹಿಂಡದೆ ಹೊದಿಸು, ಕುತ್ತಿಗೆಗೆ, ಕಂಕುಳಿಗೆ, ರಟ್ಟಿನಿಂದ ಗಾಳಿ ಬೀಸು, ಬೀಸು, ಕೈ ಸೋತು ಬಿದ್ದುಹೋಗುತ್ತಿದೆ, ಬೀಸುತ್ತಾಳೆ, ಬೆಳಗಿನಿಂದ ನೋಡುತ್ತಲೇ ಇದ್ದೆನಲ್ಲ, ಕಣ್ಣಾರೆ ಕಂಡು ಮಹಾರಾಣಿ ಎಂದೆನಲ್ಲ, ಹೆದರಿಕೆಯಾಗುತ್ತಿದೆ ಅಕ್ಕಾ, ನೀನು ಮಾತು ಬಿಟ್ಟೇ ಇರು, ಸಾಯುವವರೆಗೆ — ಥೂ, ಎಂಥ ಮಾತು — ಬಯ್ಯಿ, ಹೊಡಿ, ಒಂದು ಹನಿ ತೋರಿಸು, ಒದ್ದೆ ಬಟ್ಟೆಯ ನೀರು ಅಕ್ಕನ ಕೆನ್ನೆ ಮೇಲೆ ಇಳಿಯುತ್ತಿದೆ, ಅದು ಲೆಕ್ಕಕ್ಕಿಲ್ಲ, ಅದು ಹೊರಗಿನ ನೀರು, ಕಿರಿಸೊಸೆ ಬೆರಳಿನಿಂದ ಮೇಲ್ತುಟಿಯನ್ನು ಒರೆಸಿ ಒಣಗಿಸುತ್ತಾಳೆ, ಬಗ್ಗಿ ನೋಡುತ್ತಾಳೆ, ಬಂದರೆ ಇಲ್ಲೇ ಬರಬೇಕು, ಮೊದಲು ಇಲ್ಲೇ ಬರುವುದು, ಮೂಗಿನ ಕೆಳಗೆ, ಸಾಸಿವೆ ಕಾಳಿನ ಹಾಗೆ, ಒಂದು, ಒಂದೇ ಒಂದು, ಮೀಸೆ ಬರಲಿ ಅಕ್ಕಾ, ನಗುವುದಿಲ್ಲ, ಮತ್ತೆ ಒರೆಸುತ್ತಾಳೆ, ನೋಡುತ್ತಾಳೆ, ಮೇಲ್ತುಟಿ, ಒಣಗಿದ ಮೇಲ್ತುಟಿ